ಅಕ್ಕೋರು ಅಂಕಿಗಳನ್ನು ಓದುತ್ತಿದ್ದ ರೀತಿ

ಎಂ.ಎ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಗೋಕಾಕದಲ್ಲಿ, ಒಬ್ಬ ಹಿರಿಯ ಮನಶ್ಶಾಸ್ತ್ರಜ್ಞೆಯ ಕೈಕೆಳಗೆ. ಮಾರ್ಕೆಟ್ ಹಿಂದಿನ ಓಣಿಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅವರ ಸಮಾಲೋಚನಾ ಕೇಂದ್ರವಿತ್ತು. ನಾನು ಘೋಡಗೇರಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಅವರು ಬಹಳ ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ನೌಕರಿಯಲ್ಲಿದ್ದುಕೊಂಡೇ ಮನಶ್ಶಾಸ್ತ್ರ ಓದಿ, ಆಮೇಲೆ ಶಾಲೆ ಬಿಟ್ಟು ಈ ಕೆಲಸಕ್ಕೆ ಬಂದಿದ್ದರು. ಹಾಗಾಗಿ ಊರಿನವರಿಗೆಲ್ಲ ಅವರು ಇನ್ನೂ ಸಾಲಿ ‘ಅಕ್ಕೋರು’. ನಾನೂ ಹಾಗೆಯೇ ಕರೆದೆ.

ಆಗ ನನಗೆ ವ್ಯಕ್ತಿತ್ವ ಪರೀಕ್ಷೆಗಳ ಹುಚ್ಚು. ಉದ್ದನೆಯ ಪಟ್ಟಿಯಲ್ಲಿ ಒಂದೊಂದು ಹೇಳಿಕೆ ಇರುತ್ತದೆ. ಬರೆಯುವವರು ಪ್ರತಿಯೊಂದಕ್ಕೂ ಹೌದು, ಅಲ್ಲ ಎಂದು ಗುರುತು ಹಾಕುತ್ತಾರೆ. ಕಂಪ್ಯೂಟರ್ ಅದನ್ನೆಲ್ಲ ಕೂಡಿಸಿ, ಈ ಮನುಷ್ಯನಲ್ಲಿ ಆತಂಕ ಎಷ್ಟು, ಸಂಶಯ ಎಷ್ಟು, ಜನರೊಂದಿಗೆ ಬೆರೆಯುವ ಗುಣ ಎಷ್ಟು ಎಂದು ಗೆರೆ ಎಳೆದು ತೋರಿಸುತ್ತದೆ. ಆ ಗೆರೆಗಳನ್ನು ಕಂಡರೆ ನನಗೆ ಎಕ್ಸ್‌ರೇ ಕೈಗೆ ಬಂದಷ್ಟು ಖುಷಿ. ಅಕ್ಕೋರು ಮಾತ್ರ ಅದನ್ನು ಇಸಿದುಕೊಂಡು ಮೇಜಿನ ಮೇಲೆ ಬೋರಲು ಹಾಕಿ ನನ್ನನ್ನೇ ಕೇಳುತ್ತಿದ್ದರು.

“ಇದನ್ನ ಬರದವರು ಯಾರು? ಎಲ್ಲಿ ಕುಂತು ಬರದ್ರು? ಬರಿಯೂವಾಗ ಅವರಿಗೆ ಏನ್ ಅಂಜಿಕಿ ಇತ್ತು?”

ನನಗೆ ಗೊತ್ತಿರುತ್ತಿರಲಿಲ್ಲ. “ಹಂಗಾದ್ರ ಮೊದ್ಲ ಅದನ್ನ ತಿಳ್ಕೊಂಡು ಬಾ. ಗೆರಿ ಎಲ್ಲಿಗೂ ಓಡಿ ಹೋಗೂದಿಲ್ಲ” ಎನ್ನುತ್ತಿದ್ದರು. ಗದರಿಕೆಯಿಲ್ಲದ ಮಾತು. ಹೇಳಿ ಬಾಯಿಗೆ ಒಂದು ಲವಂಗ ಹಾಕಿಕೊಂಡು ಮುಂದಿನ ಕೆಲಸಕ್ಕೆ ತಿರುಗುತ್ತಿದ್ದರು.

ಕಬ್ಬಿನ ಹಂಗಾಮು ಶುರುವಾದ ದಿನಗಳಲ್ಲಿ ಒಂದು ಮಧ್ಯಾಹ್ನ ಮೂಡಲಗಿ ಕಡೆಯ ಒಂದು ಖಾಸಗಿ ಶಾಲೆಯ ಅಧ್ಯಕ್ಷರು ನಮ್ಮ ಮೆಟ್ಟಿಲು ಹತ್ತಿ ಬಂದರು. ಬೆಳ್ಳಗಿನ ಅಂಗಿ, ಹಣೆಯ ಮೇಲೆ ವಿಭೂತಿ, ಕೂತ ಕೂಡಲೇ ನೀರು ಕೇಳಿದರು. ಎಲ್ಲಿಯೋ ಶಾಲೆಯ ವಾಹನವೊಂದು ಅಪಘಾತಕ್ಕೀಡಾದ ಸುದ್ದಿ ಕೇಳಿ ಅವರ ಶಾಲೆಯ ಪಾಲಕರು ಗಾಬರಿಯಾಗಿದ್ದರಂತೆ. ಅದಕ್ಕಾಗಿ ಆಡಳಿತ ಮಂಡಳಿಯವರು ಎಲ್ಲ ಬಸ್ ಚಾಲಕರಿಗೂ ಆನ್‌ಲೈನಿನಲ್ಲಿ ವ್ಯಕ್ತಿತ್ವ ಪರೀಕ್ಷೆ ಮಾಡಿಸಿದ್ದರು. ಫಲಿತಾಂಶ ಬಣ್ಣಬಣ್ಣದ ಹಾಳೆಗಳಲ್ಲಿ ಬಂದಿತ್ತು. ಒಳ್ಳೆಯದಕ್ಕೆ ಹಸಿರು, ಎಚ್ಚರಿಕೆಗೆ ಕೆಂಪು. ಒಬ್ಬ ಚಾಲಕಿಯ ಹಾಳೆ ಮೇಲಿಂದ ಕೆಳಗಿನ ತನಕ ಕೆಂಪಾಗಿತ್ತು.

“ಹೆಣ್ಮಗಳು ಚಲೋ ಅದಾಳ್ರಿ ಅಕ್ಕೋರ. ನಮ್ಮಲ್ಲಿ ಬಸ್ ಹೊಡಿಯೂ ಹೆಣ್ಮಗಳು ಆಕಿ ಒಬ್ಬಾಕಿನ. ಆದ್ರ ಇದರಾಗ ಸಂಶಯ ಬಾಳ, ಆತಂಕ ಬಾಳ, ಭ್ರಮಾನೂ ಐತಿ ಅಂತ ಬಂದೈತಿ. ಮಂದಿ ಮಕ್ಕಳನ್ನ ಆಕಿ ಕೈಯಾಗ ಹೆಂಗ ಕೊಡೂದ್ರಿ? ನೀವೊಂದು ಸಹಿ ಮಾಡಿ ಕೊಟ್ರ, ನಾವು ಆಕಿನ್ನ ಆಫೀಸ್ ಕೆಲಸಕ್ಕ ಹಾಕ್ತೀವಿ.”

ಅಕ್ಕೋರು ಹಾಳೆಗಳನ್ನು ಓದಿದರು, ಮಡಚಿದರು. “ಸಾಹೇಬ್ರ, ನಾ ಆಕೀನ್ನ ನೋಡಿಲ್ಲ. ನೋಡದ ಸಹಿ ಮಾಡೂದಿಲ್ರಿ. ಕಳಸ್ರಿ, ಮಾತಾಡ್ತೇನಿ. ಆಮ್ಯಾಲ ನನಗ ತಿಳಿದಷ್ಟು ಬರದು ಕೊಡ್ತೇನಿ. ನಿಮಗ ಬೇಕಾದಂಗ ಇರ್ತೈತಿ ಅಂತ ಮಾತ್ರ ಈಗ ಹೇಳಾಕ ಬರೂದಿಲ್ಲ.”

ಅಧ್ಯಕ್ಷರು ಕೆಟ್ಟವರಲ್ಲ. ಅವರ ಚಿಂತೆ ನಿಜವಾದದ್ದೇ ಆಗಿತ್ತು. ಉತ್ತರಗಳಿದ್ದ ಹಾಳೆಗಳನ್ನು ಮೇಜಿನ ಮೇಲೆಯೇ ಬಿಟ್ಟು, “ಆತ್ರಿ” ಎಂದು ಎದ್ದರು.

ಎರಡು ದಿನಗಳ ನಂತರ ಚಾಲಕಿ ಬಂದಳು. ತುಕ್ಕಾನಟ್ಟಿಯವಳು, ಮೂವತ್ತೈದರ ಆಸುಪಾಸು. ಚಿಕ್ಕಂದಿನಲ್ಲಿ ತಂದೆಯ ಟ್ರ್ಯಾಕ್ಟರ್ ಮೇಲೆ ಕೈ ಪಳಗಿಸಿಕೊಂಡು, ಮದುವೆಯಾದ ಮೇಲೆ ದೊಡ್ಡ ವಾಹನದ ಲೈಸೆನ್ಸ್ ಮಾಡಿಸಿಕೊಂಡವಳು. ಕುರ್ಚಿಯ ತುದಿಯಲ್ಲಿ ಕೂತು, ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಅಕ್ಕೋರು ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ. “ಊಟ ಆತೇನು?” ಎಂದು ಕೇಳಿದರು. ಚಹಾ ತರಿಸಿದರು. ಆಮೇಲೆ, ಇಲ್ಲಿ ಆಡಿದ್ದರಲ್ಲಿ ಯಾವುದು ಶಾಲೆಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿದರು. “ಮನಿ ಮಾತು ಮನ್ಯಾಗ ಇರ್ತಾವು. ಬಸ್ ಹೊಡಿಯೂದಕ್ಕ ಸಂಬಂಧ ಇದ್ದದ್ದಷ್ಟ ನಾ ಬರೀತೇನಿ. ಬರದದ್ದನ್ನ ಮೊದ್ಲ ನಿಮಗ ಓದಿ ತೋರಸ್ತೇನಿ. ಒಪ್ಪಿಗಿ ಇದ್ರ ಮಾತಾಡೋಣು.” ಆಕೆಯ ಮುಷ್ಟಿ ಆಗ ಸ್ವಲ್ಪ ಸಡಿಲವಾಯಿತು.

ನಂತರ ಆಕೆಯ ಉತ್ತರಗಳನ್ನು ಒಂದೊಂದಾಗಿ ತೆಗೆದರು. ಪ್ರಶ್ನೆಪತ್ರಿಕೆ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿದಿತ್ತು. ಎಲ್ಲಿ ಯಾರ ಕೈಯಲ್ಲಿ ಇಳಿಯಿತೋ, ಆಡುವವರ ನಾಲಿಗೆಗೆ ಅದು ಹತ್ತುವಂತಿರಲಿಲ್ಲ.

‘ಯಾರೋ ನನ್ನನ್ನು ಸದಾ ಗಮನಿಸುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ.’ ಆಕೆ ಹೌದು ಎಂದಿದ್ದಳು.

“ಇದಕ್ಕ ಯಾಕ ಹೌದು ಅಂದ್ರಿ?”

“ಅನಸೂದೇನ್ ಬಂತ್ರಿ ಅಕ್ಕೋರ, ಖರೇನ ನೋಡ್ತಾರಲ್ರಿ. ಬಸ್ಸಿನಾಗ ನನ್ನ ತಲಿ ಮ್ಯಾಲ ಕ್ಯಾಮೆರಾ ಐತ್ರಿ. ಆಫೀಸಿನ್ಯಾಗ ಕುಂತು ನೋಡ್ತಾರು.”

‘ಒಬ್ಬಳೇ ಇದ್ದಾಗ ನಾನು ಯಾರೊಂದಿಗೋ ಮಾತನಾಡುತ್ತೇನೆ.’ ಅದಕ್ಕೂ ಹೌದು.

“ಮುಂಜಾನೆ ಪೂಜಾ ಮಾಡೂವಾಗ್ರಿ. ಅಂಗೈಯಾಗ ಲಿಂಗ ಇಟ್ಕೊಂಡು ಕುಂತಾಗ ನನ್ನ ಸುಖದುಃಖ ಹೇಳ್ಕೋತೇನ್ರಿ. ನಮ್ಮವ್ವನೂ ಹೇಳ್ಕೋತಿದ್ಳು.”

‘ಅಪರಿಚಿತರನ್ನು ನಾನು ನಂಬುವುದಿಲ್ಲ.’ ಇದಕ್ಕೂ ಆಕೆ ಹೌದು ಎಂದೇ ಗುರುತು ಹಾಕಿದ್ದಳು. “ನಂಬಬ್ಯಾಡ ಅಂತ ಸಾಲ್ಯಾಗ ಹೇಳ್ಯಾರಲ್ರಿ. ಗುರತು ಇಲ್ಲದವರ ಕೈಯಾಗ ಹುಡುಗೂರನ್ನ ಕೊಡಬ್ಯಾಡ ಅಂತ ಟ್ರೇನಿಂಗ್ ಮಾಡ್ಯಾರ್ರಿ.”

ನಾನು ಬಾಯಿ ಬಿಗಿಹಿಡಿದು ಕೂತಿದ್ದೆ, ನಗಬಾರದೆಂದು. ಪ್ರತಿ ಹೇಳಿಕೆಗೂ ಹೌದು ಮತ್ತು ಅಲ್ಲಗಳ ನಡುವೆ ‘ಹೇಳಲಾಗದು’ ಎಂಬ ಆಯ್ಕೆಯಿತ್ತು. ನಿರ್ಧರಿಸಲು ಆಗದಿದ್ದರೆ ಹಾಕಬೇಕಾದ ಗುರುತು. ಆಕೆ ಅದನ್ನು ಒಂದೆಡೆಯೂ ಮುಟ್ಟಿರಲಿಲ್ಲ. ಯಾಕೆಂದು ಕೇಳಿದರೆ, “ಅದನ್ನ ಒತ್ತಿದ್ರ, ಏನೋ ಐತಿ, ಹೇಳಬಾರದ್ದು ಮುಚ್ಚಿಟ್ಟಾಳ ಅಂತ ತಿಳ್ಕೋತಾರ ಅಂದ್ಕೊಂಡೇನ್ರಿ” ಎಂದಳು. ಈಗ ಅಕ್ಕೋರೇ ನಕ್ಕುಬಿಟ್ಟರು. ಆಕೆಯೂ ನಕ್ಕಳು. ಆ ಕೋಣೆಯಲ್ಲಿ ಅವಳ ಮೊದಲ ನಗೆ ಅದು.

ಇಷ್ಟಾದ ಮೇಲೆ ನನ್ನ ಮಟ್ಟಿಗೆ ವಿಷಯ ಮುಗಿದಿತ್ತು. ಪರೀಕ್ಷೆ ತಪ್ಪು, ಚಾಲಕಿ ಸರಿ. ಆದರೆ ಅಕ್ಕೋರು ಹಾಳೆ ಬಿಡಲಿಲ್ಲ.

‘ನನಗೆ ನಿದ್ದೆ ಸರಿಯಾಗಿ ಬರುವುದಿಲ್ಲ.’ ಹೌದು.

“ಇದು?”

ಆಕೆ ಕಿಟಕಿಯ ಕಡೆ ನೋಡಿದಳು. “ಅದು ಖರೆ ಅಕ್ಕೋರ” ಎಂದಳು. ಅಷ್ಟೇ. ಅಕ್ಕೋರು ಕೆದಕಲಿಲ್ಲ. ‘ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಪರೀಕ್ಷಿಸುತ್ತೇನೆ’ ಎಂಬುದಕ್ಕೂ ಹೌದು ಎಂದಿತ್ತು. ಬಸ್ಸಿನ ಬಾಗಿಲು ಹಾಕಿದೆಯೇ ಎಂದು ತಾನು ಪದೇಪದೇ ನೋಡುವುದು ನಿಜ, ಮನೆಯಲ್ಲಿ ಗ್ಯಾಸ್ ಆರಿಸಿದ ಮೇಲೂ ಎದ್ದು ಹೋಗಿ ನೋಡುವುದುಂಟು ಎಂದು ಆಕೆ ಒಪ್ಪಿಕೊಂಡಳು.

ಕೆಲವು ದಿನ ಬಿಟ್ಟು ಅಕ್ಕೋರು ಆಕೆಗೆ ಇನ್ನೊಂದು ಪರೀಕ್ಷೆ ಕೊಟ್ಟರು. ಚಿಕ್ಕದು, ನಮ್ಮ ಕಡೆಯ ಮಾತಿನಲ್ಲಿ ಓದಿ ಹೇಳಿ, ಅರ್ಥವಾಯಿತೇ ಎಂದು ಕೇಳುತ್ತ ಮಾಡಿದ್ದು. ಸಂಶಯದ ಅಂಕಿ ಸಾಧಾರಣಕ್ಕೆ ಇಳಿಯಿತು. ಆತಂಕದ ಅಂಕಿ ಇಳಿದರೂ ಪೂರ್ತಿ ಇಳಿಯಲಿಲ್ಲ. “ಇದನ್ನೂ ಬಾಳ ಗಟ್ಟಿ ಹಿಡೀಬ್ಯಾಡ” ಎಂದರು ನನಗೆ. “ನಾನ ಓದಿ ಹೇಳಿದ್ನಿ. ನಾ ಆಕಿನ್ನ ಚಲೋತಂಗ ಮಾತಾಡ್ಸೇನಿ. ನನ್ನ ಮುಂದ ಆಕಿ ಸ್ವಲ್ಪ ಚಲೋ ಕಾಣಬೇಕು ಅಂದ್ಕೊಂಡಿರಬೌದು.”

ನಂತರ ಅಧ್ಯಕ್ಷರ ಅನುಮತಿ, ಚಾಲಕಿಯ ಒಪ್ಪಿಗೆ ಎರಡನ್ನೂ ತೆಗೆದುಕೊಂಡು, ಒಂದು ಸಂಜೆ ನಾವಿಬ್ಬರೂ ಶಾಲಾ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆವು. ಅಕ್ಕೋರಿಗೆ ಆಗ ಮೊಣಕಾಲು ನೋವು. ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲು ಕಷ್ಟಪಟ್ಟರು. ಹಾಳೆಯ ಮೇಲಿನ ನಾಲ್ಕು ಅಂಕಿಗಾಗಿ ಇಷ್ಟು ಓಡಾಡುವವರನ್ನು ನಾನು ನೋಡಿರಲಿಲ್ಲ.

ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ತೊನೆದಾಡುತ್ತ ಮುಂದೆ ಹೋಗುತ್ತಿತ್ತು. ಹಿಂದಿನಿಂದ ಜೀಪಿನವನೊಬ್ಬ ಹಾರ್ನ್ ಹೊಡೆದು ಹೊಡೆದು ಕೊನೆಗೆ ಬೈದುಕೊಂಡೇ ನುಗ್ಗಿ ಹೋದ. ಚಾಲಕಿ ಅವನತ್ತ ನೋಡಲಿಲ್ಲ. ರಸ್ತೆ ಅಗಲವಾಗುವ ತನಕ ಟ್ರ್ಯಾಕ್ಟರಿನ ಹಿಂದೆಯೇ ನಿಧಾನವಾಗಿ ಬಂದಳು. ಹುಡುಗರು ಹಾಡು ಹೇಳುತ್ತಿದ್ದರು.

ಒಂದು ತೋಟದ ಮನೆಯ ನಿಲ್ದಾಣದಲ್ಲಿ, ಬೈಕಿನ ಮೇಲೆ ಬಂದಿದ್ದ ಒಬ್ಬಾತ ಒಬ್ಬ ಸಣ್ಣ ಹುಡುಗಿಯನ್ನು ಇಳಿಸಲು ಹೇಳಿದ. “ನಾ ಆಕಿ ಕಾಕಾ ಅದೇನಿ.” ಹುಡುಗಿಯೂ ಕಾಕಾ ಎಂದೇ ಕರೆದಳು. ಆದರೂ ಚಾಲಕಿ ಬಾಗಿಲು ತೆಗೆಯಲಿಲ್ಲ. “ಒಂದ್ ನಿಮಿಷ ತಡೀರಿ ಅಣ್ಣಾರ, ಅವರ ಅವ್ವಾರಿಗೆ ಫೋನ್ ಹಚ್ತೇನಿ.” ಆತ ಸಿಟ್ಟಾದ. “ನನ್ನ ಕಳ್ಳ ಅಂತ ತಿಳ್ಕೊಂಡಿ ಏನ?” ಎಂದು ದನಿ ಏರಿಸಿದ. ಫೋನಿನಲ್ಲಿ ತಾಯಿ ಹೌದೆಂದು ಹೇಳಿದ ಮೇಲೆಯೇ ಆಕೆ ಮಗುವನ್ನು ಇಳಿಸಿ, “ಸಿಟ್ಟಾಗಬ್ಯಾಡ್ರಿ, ನಿಮ್ಮ ಹುಡುಗಿನ ಸಲುವಾಗೇ” ಎಂದಳು. ಆತ ಗೊಣಗುತ್ತ ಹೋದ. ಬೈಕಿನ ಮೇಲಿಂದ ಹುಡುಗಿ ಟಾಟಾ ಮಾಡಿದಳು.

ನನಗೆ ಚಪ್ಪಾಳೆ ತಟ್ಟಬೇಕೆನಿಸಿತ್ತು. ಆದರೆ ಅಕ್ಕೋರ ಕಣ್ಣು ಚಾಲಕಿಯ ಮುಖ ಕಾಣುತ್ತಿದ್ದ ಕನ್ನಡಿಯ ಮೇಲಿತ್ತು. ಮಕ್ಕಳೆಲ್ಲ ಇಳಿದ ಮೇಲೆ ಖಾಲಿ ಬಸ್ಸು ತಿರುಗಿ ಬರುವಾಗ ಚಾಲಕಿ ಎರಡು ಸಲ ಕಣ್ಣು ಉಜ್ಜಿಕೊಂಡಿದ್ದಳು, ಒಮ್ಮೆ ದೀರ್ಘವಾಗಿ ಆಕಳಿಸಿದ್ದಳು. ನಾನು ಅದನ್ನು ಗಮನಿಸಿರಲೇ ಇಲ್ಲ.

“ಬಾಳ ಚಲೋ ಹೊಡೀತಾರಲ್ರಿ ಅಕ್ಕೋರ” ಎಂದೆ, ಇಳಿದ ಮೇಲೆ.

“ಹೌದು. ಇವತ್ತ ನಾವು ನೋಡಿದಷ್ಟರಾಗ ಚಲೋ ಹೊಡದ್ಳು. ಒಂದ ದಿನ ನೋಡಿ ಎಲ್ಲಾ ಗೊತ್ತಾತು ಅಂದ್ರ, ನಮಗೂ ಆ ಕಂಪ್ಯೂಟರಿಗೂ ಏನ್ ಫರಕ್ ಉಳೀತು?”

ವರದಿಯನ್ನು ಅವರು ಬಹಳ ಸಲ ತಿದ್ದಿದರು. ನಾನು ಟೈಪ್ ಮಾಡುತ್ತಿದ್ದೆ. ‘ಇವರು ಸಂಶಯ ಸ್ವಭಾವದವರಲ್ಲ’ ಎಂದು ನಾನು ಹಾಕಿದ್ದನ್ನು ತೆಗೆಸಿ, ‘ಸಂಶಯದ ಹೆಚ್ಚಿನ ಅಂಕಿಗೆ ಪ್ರಶ್ನೆಗಳ ಭಾಷೆ ಮತ್ತು ಅವರ ಕೆಲಸದ ನಿಯಮಗಳೇ ಕಾರಣವಾಗಿರಬಹುದು’ ಎಂದು ಮಾಡಿಸಿದರು. ಭ್ರಮೆ ಎಂಬ ಮಾತಿಗೆ ಯಾವ ಆಧಾರವೂ ಕಾಣಲಿಲ್ಲ ಎಂದು ಮಾತ್ರ ನೇರವಾಗಿ ಬರೆಸಿದರು. ಕೊನೆಯಲ್ಲಿ ಒಂದು ಸಾಲು: ನಿದ್ದೆಯ ತೊಂದರೆ ಇದೆ ಎಂದು ಅವರೇ ಹೇಳಿದ್ದಾರೆ, ವಾಹನ ನಡೆಸುವ ಕೆಲಸವಾದ್ದರಿಂದ ವೈದ್ಯರು ಒಮ್ಮೆ ನೋಡುವುದು ಒಳ್ಳೆಯದು, ಅಲ್ಲಿಯವರೆಗೆ ಮಕ್ಕಳನ್ನು ಕರೆತರಲು ನಸುಕಿನಲ್ಲೇ ಹೊರಡುವ ಸರದಿ ಬೇಡ.

ಮಾತು ಕೊಟ್ಟಂತೆ ಅದನ್ನು ಆಕೆಗೆ ಓದಿ ತೋರಿಸಿದರು. ಆಕೆ ಅರ್ಧದ ತನಕ ಹಗುರಾಗುತ್ತ ಕೇಳಿದಳು. ಕೊನೆಯ ಸಾಲು ಬಂದಾಗ ಮುಖ ಬಿಗಿಯಿತು.

“ಆ ಒಂದ ಸಾಲು ತಗೀರಿ ಅಕ್ಕೋರ.”

“ತಗ್ಯಾಕ ಬರೂದಿಲ್ರಿ.”

“ಉಳದದ್ದೆಲ್ಲಾ ನನ್ನ ಕಡೆ ಬರದು ಅದೊಂದನ್ನ ಯಾಕ ಬರೀತೀರಿ? ನಿಮ್ಮ ಮ್ಯಾಲ ನಂಬಿಗಿ ಇಟ್ಟು ಹೇಳೇನಿ. ಈಗ ನೀವೂ ಅವರ ಕಡೀಯವರ ಆದ್ರಿ.”

“ನಾ ನಿಮ್ಮ ಕಡೀನೂ ಬರದಿಲ್ಲ, ಅವರ ಕಡೀನೂ ಬರದಿಲ್ಲ” ಎಂದರು ಅಕ್ಕೋರು, ದನಿ ಏರಿಸದೆ. “ಕೆಂಪು ಇದ್ದದ್ದನ್ನೆಲ್ಲಾ ಖರೆ ಅಂದ್ರ ನಿಮಗ ಅನ್ಯಾಯ. ಕೆಂಪು ಇದ್ದದ್ದನ್ನೆಲ್ಲಾ ಸುಳ್ಳು ಅಂದ್ರ ಆ ಹುಡುಗೂರಿಗೆ ಅನ್ಯಾಯ. ನಿದ್ದಿ ಇಲ್ಲದವರು ಗಾಡಿ ಹೊಡೀತಾರ ಅಂತ ಗೊತ್ತಿದ್ದೂ ನಾ ಸುಮ್ಮ ಇರಾಕ ಆಗೂದಿಲ್ಲ. ಇದು ನಿಮ್ಮ ಗುಣದ ಮಾತಲ್ಲ. ನಿಮ್ಮ ದಣಿವಿನ ಮಾತು.”

ಅಕ್ಕೋರು ತರಿಸಿದ್ದ ಚಹಾ ಮುಟ್ಟದೆ ಆಕೆ ಎದ್ದು ಹೋದಳು. ಮೆಟ್ಟಿಲಿನ ಮೇಲೆ ಚಪ್ಪಲಿ ಸದ್ದು ಜೋರಾಗಿ ಕೇಳಿಸಿತು. ಅಕ್ಕೋರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ನೋವಾಗಿತ್ತು, ಅದು ಕಾಣುತ್ತಿತ್ತು. ಸಾಲನ್ನು ಮಾತ್ರ ಮುಟ್ಟಲಿಲ್ಲ.

ಆ ಸಂಜೆ ನಾನು ಕೇಳಿದೆ, ಇಷ್ಟು ತೂಗಿ ಬರೆಯುವುದು ಎಲ್ಲಿ ಕಲಿತಿರಿ ಎಂದು. ಅವರು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ಬೌದ್ಧ ಮನೆತನದವರು. ತಂದೆ ತಾಯಿ ಮಂದಿಯ ಹೊಲದಲ್ಲಿ ದುಡಿದು ಮಗಳನ್ನು ಓದಿಸಿದ್ದರು. ತಮ್ಮ ಬಗ್ಗೆ ಹೆಚ್ಚು ಹೇಳಿಕೊಳ್ಳುವವರಲ್ಲ. ಅಂದು ಹೇಳಿದರು: “ನಾ ಹುಟ್ಟೂದಕ್ಕ ಮೊದ್ಲ ನಮ್ಮೂರಾಗ ನಾ ಎಂಥಾಕಿ ಅಂತ ಮಂದಿ ಹೇಳಿ ಮುಗಿಸಿದ್ರು. ನಾ ಏನ್ ಓದ್ತೇನಿ, ಎಲ್ಲಿ ಕುಂದ್ರಬೇಕು, ಎಲ್ಲಾ. ಅದಕ್ಕ ಯಾರನ್ನಾದ್ರೂ ಒಂದ ಮಾತಿನ್ಯಾಗ ಮುಗಸೂದು ನನಗ ಆಗೂದಿಲ್ಲ ತಂಗಿ.” ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ನನ್ನನ್ನು ಎಬ್ಬಿಸಿದರು.

ಶಾಲೆಯ ಆಡಳಿತ ಮಂಡಳಿಯ ಸಭೆಗೆ ಅವರು ನನ್ನನ್ನೂ ಕರೆದುಕೊಂಡು ಹೋದರು. ಅಧ್ಯಕ್ಷರು ವರದಿ ಓದಿ ಹಣೆ ತಿಕ್ಕಿಕೊಂಡರು. “ಹಂಗಾದ್ರ ನಾವು ಮಾಡಿಸಿದ ಪರೀಕ್ಷಾ ಸುಳ್ಳೇನ್ರಿ ಅಕ್ಕೋರ?”

“ಸುಳ್ಳಲ್ರಿ. ನೀವು ಕಬ್ಬು ಬೆಳ್ಯಾವರು, ನಿಮಗ ತಿಳೀತೈತಿ. ಕಾರ್ಖಾನಿ ಕಾಟಾದ ಮ್ಯಾಲ ಗಾಡಿ ನಿಂದ್ರಿಸಿದ್ರ ತೂಕ ಗೊತ್ತಾಗ್ತೈತಿ. ಆ ಕಬ್ಬಿನ್ಯಾಗ ಸಕ್ರಿ ಎಷ್ಟ ಇಳೀತೈತಿ ಅಂತ ಕಾಟಾ ಹೇಳತೈತೇನ್ರಿ?”

“ಇಲ್ರಿ.”

“ಮತ್ತ ಆ ಕಾಟಾ ಬರಾಬರಿ ಐತೋ ಇಲ್ಲೋ ಅಂತನೂ ನೀವು ಕೇಳ್ತೀರಲ್ಲ?”

ಕಾರ್ಖಾನೆಯ ಕಾಟಾ ತೂಕ ಕಡಿಮೆ ತೋರಿಸುತ್ತದೆ ಎಂಬುದು ಕಬ್ಬು ಬೆಳೆಯುವವರ ಹಳೆಯ ದೂರು, ಸಭೆಯಲ್ಲಿ ಎಲ್ಲರೂ ನಕ್ಕರು. ಒಬ್ಬ ಸದಸ್ಯರು “ಅದನ್ನಂತೂ ಕೇಳ ಕೇಳ್ತೀವ್ರಿ” ಎಂದರು. ಆಮೇಲೆ ಅವರೇ ಇನ್ನೊಬ್ಬ ಚಾಲಕನ ಹಾಳೆ ಮುಂದೆ ಸರಿಸಿದರು. ಎಲ್ಲವೂ ಹಸಿರು. ಇವನನ್ನು ದೂರದ ದಾರಿಗೆ ಹಾಕಬಹುದಲ್ಲ ಎಂಬುದು ಅವರ ಕೇಳಿಕೆ.

“ಇವರಿಗೂ ಅದ ಮಾತು ನೋಡ್ರಿ” ಎಂದರು ಅಕ್ಕೋರು. ಬರೆಯುವವರು ತಮ್ಮನ್ನು ಇರುವುದಕ್ಕಿಂತ ಚಂದವಾಗಿ ತೋರಿಸಿಕೊಳ್ಳಲು ನೋಡಿದ್ದಾರೆಯೇ ಎಂದು ತಿಳಿಯಲು ಆ ಪರೀಕ್ಷೆಯಲ್ಲೇ ಒಂದು ಅಳತೆಯಿತ್ತು. ಈ ಚಾಲಕನ ಹಾಳೆಯಲ್ಲಿ ಅದು ಬಹಳ ಮೇಲಿತ್ತು. ಜೀವನದಲ್ಲಿ ಒಮ್ಮೆಯೂ ಸಿಟ್ಟು ಬಂದಿಲ್ಲ, ಯಾರ ಬಗ್ಗೆಯೂ ಬೇಸರವಾಗಿಲ್ಲ ಎಂದು ಆತ ಗುರುತು ಹಾಕಿದ್ದ. ಸದಸ್ಯರು ಹುಬ್ಬೇರಿಸಿ, “ಹಂಗಾದ್ರ ಇಂವ ಸುಳ್ಳ ಅದಾನೇನ್ರಿ?” ಎಂದರು.

“ಹಂಗೂ ಅನಬ್ಯಾಡ್ರಿ. ನೌಕರಿ ಇರತೈತೋ ಹೋಗತೈತೋ ಅನ್ನೂವಾಗ ನಾ ಆದ್ರೂ ಹಂಗ ಬರೀತಿದ್ನಿ. ಚಲೋ ಚಾಲಕನೂ ಇರಬೌದು. ಈ ಹಾಳಿಯಿಂದ ನಮಗ ಗೊತ್ತಾಗೂದಿಲ್ಲ, ಅಷ್ಟ.”

ಕೊನೆಗೆ ಮಂಡಳಿಯವರು ಒಂದು ನಿರ್ಧಾರಕ್ಕೆ ಬಂದರು. ಆ ಹಾಳೆಗಳ ಮೇಲೆ ಯಾರನ್ನೂ ತೆಗೆಯುವುದಿಲ್ಲ, ಯಾರನ್ನೂ ಮೇಲೇರಿಸುವುದಿಲ್ಲ. ಎಲ್ಲ ಚಾಲಕರಿಗೂ ಕಣ್ಣು, ನಿದ್ದೆ, ರಕ್ತದೊತ್ತಡದ ತಪಾಸಣೆ ಆಗಬೇಕು. ಚಾಲಕಿಯ ನಸುಕಿನ ಸರದಿಯನ್ನು ಸದ್ಯಕ್ಕೆ ಬೇರೆಯವರು ನೋಡಿಕೊಳ್ಳಬೇಕು. ಆಕೆ ಬಸ್ಸಿನ ಮೇಲೆಯೇ ಉಳಿದಳು. ಅಧ್ಯಕ್ಷರು ಗೇಟಿನ ತನಕ ಬಂದು ಅಕ್ಕೋರಿಗೆ ಕೈಮುಗಿದರು. “ಸಹಿ ಕೇಳಾಕ ಬಂದಿದ್ನಿ. ಚಲೋ ಆತು ಕೊಡಲಿಲ್ಲ” ಎಂದರು.

ಚಾಲಕಿ ಮಾತ್ರ ಬಹಳ ದಿನ ನಮ್ಮ ಕಡೆ ಸುಳಿಯಲಿಲ್ಲ. ದಾರಿಯಲ್ಲಿ ಒಮ್ಮೆ ಎದುರಾದಾಗ ಬಸ್ಸು ನಿಲ್ಲಿಸಲಿಲ್ಲ, ತಲೆ ಮಾತ್ರ ಆಡಿಸಿದಳು. ಮಳೆಗಾಲದಲ್ಲಿ ಒಂದು ದಿನ ಛತ್ರಿ ಮಡಚಿಕೊಂಡು ತಾನಾಗಿಯೇ ಮೆಟ್ಟಿಲು ಹತ್ತಿ ಬಂದಳು. ವೈದ್ಯರು ರಕ್ತ ಪರೀಕ್ಷೆ ಮಾಡಿ ಏನೂ ಇಲ್ಲ ಎಂದಿದ್ದರಂತೆ, ಮನಸ್ಸಿನ ಚಿಂತೆ ಇದ್ದರೆ ಯಾರ ಹತ್ತಿರವಾದರೂ ಹೇಳಿಕೋ ಎಂದಿದ್ದರಂತೆ.

“ಅಂದು ಸಿಟ್ಟು ಮಾಡ್ಕೊಂಡು ಹೋಗಿದ್ನ್ರಿ” ಎಂದಳು.

“ಹೋಗ್ಲಿ ಬಿಡ್ರಿ, ಸಿಟ್ಟು ಬರೂವಂಥಾದ್ದ ಇತ್ತು. ಕುಂದರ್ರಿ” ಎಂದರು ಅಕ್ಕೋರು.

ಆಗ ತಿಳಿಯಿತು. ಆಕೆಯ ಗಂಡ ಸಂಕೇಶ್ವರದ ಹತ್ತಿರ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಬಹಳ ದಿನ ಹಾಸಿಗೆ ಹಿಡಿದಿದ್ದ. ಈಗ ಪೂರ್ತಿ ಗುಣವಾಗಿ ಕೆಲಸಕ್ಕೂ ಹೋಗುತ್ತಿದ್ದ. ಆದರೆ ಅವನು ಸಂಜೆಪಾಳಿ ಮುಗಿಸಿ ಬರುವ ತನಕ ಈಕೆಗೆ ಬೈಕಿನ ಸದ್ದಿನ ಮೇಲೆಯೇ ಕಿವಿ. ಬಂದು ಮಲಗಿದ ಮೇಲೂ ಕಣ್ಣು ಮುಚ್ಚುತ್ತಿರಲಿಲ್ಲ. ಅದನ್ನು ಅವನಿಗೂ ಹೇಳಿರಲಿಲ್ಲ. ಆ ದಿನದಿಂದ ಆಕೆ ವಾರಕ್ಕೊಮ್ಮೆ ಬರತೊಡಗಿದಳು. ಒಂದೆರಡು ಸಲ ಗಂಡನೂ ಜೊತೆಗೆ ಬಂದು ಕೂತ. ನಿದ್ದೆ ಒಂದೇ ಸಲ ತಿರುಗಿ ಬರಲಿಲ್ಲ. ಬಂತು ಅಂದುಕೊಂಡದ್ದು ಮತ್ತೆ ಹೋಯಿತು, ಮತ್ತೆ ಬಂತು. ದೀಪಾವಳಿಯ ಹೊತ್ತಿಗೆ ಮುಖದ ಕಳೆಯೇ ಬೇರೆಯಾಗಿತ್ತು.

ಒಮ್ಮೆ ಆಕೆಯೇ ಕೇಳಿದಳು, “ಈಗ ಆ ಪರೀಕ್ಷಾ ಮತ್ತೊಮ್ಮೆ ಬರೀಲೇನ್ರಿ? ಹಸರು ಬರತೈತೇನೋ.”

“ಯಾಕ ಬೇಕ್ರಿ? ನೀವ ಹೇಳ್ತೀರಲ್ಲ, ನಿದ್ದಿ ಹತ್ತತೈತಿ ಅಂತ” ಎಂದರು ಅಕ್ಕೋರು.

ಈಗ ನನ್ನದೇ ಒಂದು ಕೋಣೆ ಹುಕ್ಕೇರಿಯಲ್ಲಿದೆ. ಪರೀಕ್ಷೆಗಳನ್ನು ನಾನು ಬಿಟ್ಟಿಲ್ಲ. ಅವುಗಳಿಂದ ಎಷ್ಟೋ ಸಲ ಕೇಳಬೇಕಾದ ಪ್ರಶ್ನೆ ಯಾವುದೆಂದು ಹೊಳೆಯುತ್ತದೆ. ಹಾಳೆ ಕೈಗೆ ಬಂದಾಗ ಮೊದಲು ಬರೆದವರನ್ನು ಕರೆಸಿ, ಯಾವ ಉತ್ತರ ಯಾಕೆ ಎಂದು ಕೇಳುತ್ತೇನೆ. ವರದಿಯನ್ನು ಅವರಿಗೇ ಮೊದಲು ಓದಿ ತೋರಿಸುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. ಕಷ್ಟವೆನಿಸಿದಾಗ ಗೋಕಾಕಕ್ಕೆ ಫೋನ್ ಮಾಡುತ್ತೇನೆ, ಅಕ್ಕೋರು ಈಗಲೂ ಪೂರ್ತಿ ಕೇಳಿದ ಮೇಲೆಯೇ ಬಾಯಿ ತೆರೆಯುತ್ತಾರೆ.

ಇದನ್ನು ಬರೆಯುವ ಮೊದಲು ಚಾಲಕಿಯನ್ನು ಹುಡುಕಿಕೊಂಡು ಹೋಗಿ ಒಪ್ಪಿಗೆ ಕೇಳಿದೆ. ಆಕೆ ಈಗ ಶಾಲೆಯ ದೊಡ್ಡ ಬಸ್ಸು ನಡೆಸುತ್ತಾಳೆ. ಟಯರಿಗೆ ಗಾಳಿ ಹಾಕಿಸುತ್ತ ನಿಂತಿದ್ದವಳು ನನ್ನ ಮಾತನ್ನೆಲ್ಲ ಕೇಳಿ, “ಬರೀರಿ ಬರೀರಿ, ಹೆಸರೊಂದು ಹಾಕಬ್ಯಾಡ್ರಿ” ಎಂದಳು. ಆಮೇಲೆ, ಅಕ್ಕೋರ ಮೊಣಕಾಲು ಈಗ ಹೇಗಿದೆ, ಮೆಟ್ಟಿಲು ಹತ್ತುತ್ತಾರೋ ಇಲ್ಲವೋ ಎಂದು ವಿಚಾರಿಸಿದಳು.